ಪೊರೆ ಕಳಚಿದ ಐವತ್ತು ವರ್ಷ

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. 2026ಕ್ಕೆ ಅದಕ್ಕೆ ಐವತ್ತು ತುಂಬುತ್ತದೆ. ಎಪ್ಪತ್ತರ ದಶಕದ ಆದಿಯ ಸಮೀಕ್ಷೆಯ ಪ್ರಕಾರ ದೇಶದ ಜನರಲ್ಲಿ ಶೇ 1.38ರಷ್ಟು ಮಂದಿಗೆ ಕಣ್ಣು ಕಾಣುತ್ತಿರಲಿಲ್ಲ. 2015–19ರ ಸಮೀಕ್ಷೆಯಲ್ಲಿ ಅದು ಶೇ 0.36. 2020ರೊಳಗೆ ಶೇ 0.3ಕ್ಕೆ ಇಳಿಸಬೇಕೆಂಬ ಗುರಿ ಕೂದಲೆಳೆಯಲ್ಲಿ ತಪ್ಪಿತು. ನಡುವೆ ಅಳತೆಗೋಲು ಬದಲಾದದ್ದನ್ನೂ ಹೇಳಬೇಕು. ಮೊದಲು ಆರು ಮೀಟರ್ ದೂರದಿಂದ ಫಲಕದ ಅತಿ ದೊಡ್ಡ ಅಕ್ಷರ ಕಾಣದವರನ್ನೆಲ್ಲ ಅಂಧರೆಂದು ಎಣಿಸುತ್ತಿದ್ದರು. 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಮೂರು ಮೀಟರಿನಿಂದಲೂ ಕಾಣದವರನ್ನು ಮಾತ್ರ ಎಣಿಸುತ್ತಾರೆ. ಅಷ್ಟನ್ನು ಕಳೆದು ನೋಡಿದರೂ ಇದು ದೊಡ್ಡ ಸಾಧನೆ. ಲಕ್ಷಾಂತರ ಮನೆಗಳಲ್ಲಿ ಮೂಲೆಗೆ ಕೂತಿದ್ದ ಅಜ್ಜಿ ಎದ್ದು ಅಕ್ಕಿ ಆರಿಸಿದ್ದಾಳೆ, ಮೊಮ್ಮಗುವಿನ ಮುಖ ಕಂಡಿದ್ದಾಳೆ.

ಕಣ್ಣಿನ ಶಿಬಿರ ಎಂದರೇನೆಂದು ಸರ್ಕಾರದ ಕಾರ್ಯಕ್ರಮಕ್ಕಿಂತ ಮುಂಚೆಯೇ ಕನ್ನಡ ನಾಡಿಗೆ ಗೊತ್ತಿತ್ತು. ಅದನ್ನು ಊರೂರಿಗೆ ಒಯ್ದವರು 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ಶಾಲೆ, ಛತ್ರ, ಮಠ, ಎಲ್ಲಿ ಜಾಗ ಸಿಕ್ಕರೆ ಅಲ್ಲೇ ಶಸ್ತ್ರಚಿಕಿತ್ಸೆ. ಸಾಲಾಗಿ ಮಲಗಿದ ರೋಗಿಗಳು, ಪಕ್ಕದಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಮನೆಯವರು. 1968ರಲ್ಲಿ ತಿರುಪತಿಯಲ್ಲಿ ಅವರು ಒಂದೇ ದಿನ 833 ಜನರ ಪೊರೆ ತೆಗೆದದ್ದು ದಾಖಲೆಯಾಯಿತು. 2005ರಲ್ಲಿ ಅವರು ತೀರಿಕೊಂಡಾಗ, ಅವರ ಕೈಯಿಂದ ಬೆಳಕು ಪಡೆದವರು ರಾಜ್ಯದ ಮೂಲೆಮೂಲೆಯಲ್ಲೂ ಇದ್ದರು. ಇಂದಿನ ಆಸ್ಪತ್ರೆ ನಿಯಮಗಳ ಕಣ್ಣಿನಿಂದ ಆ ಶಿಬಿರಗಳನ್ನು ಅಳೆಯುವುದು ಅನ್ಯಾಯ. ಕಣ್ಣಿನ ಡಾಕ್ಟರೆಂದರೆ ಬೆಂಗಳೂರಿನ ಮಿಂಟೊ ಆಸ್ಪತ್ರೆಯಂಥ ಒಂದೆರಡು ಕಡೆ ಮಾತ್ರ ಎಂದಿದ್ದ ಕಾಲದಲ್ಲಿ, ವೈದ್ಯರೇ ರೋಗಿಯ ಊರಿಗೆ ನಡೆದು ಬಂದದ್ದು ದೊಡ್ಡ ಮಾತು.

ಆದರೆ ಆಗಿನ ಚಿಕಿತ್ಸೆ ಅರ್ಧ ದೃಷ್ಟಿಯನ್ನಷ್ಟೇ ಮರಳಿಸುತ್ತಿತ್ತು. ಮಬ್ಬಾದ ಮಸೂರವನ್ನು ಇಡಿಯಾಗಿ ತೆಗೆದರೆ ಅದರ ಜಾಗದಲ್ಲಿ ಕೂರಿಸಲು ಏನೂ ಇರಲಿಲ್ಲ. ರೋಗಿ ದಿನಗಟ್ಟಲೆ ಅಲುಗದೆ ಮಲಗಿದ್ದು, ಆಮೇಲೆ ಸೋಡಾಬುಡ್ಡಿ ಕನ್ನಡಕ ಹಾಕಿಕೊಳ್ಳಬೇಕು. ಅದರಲ್ಲಿ ಎಲ್ಲವೂ ದೊಡ್ಡದಾಗಿ, ಅಂಚಿನಲ್ಲಿ ಬಾಗಿ ಕಾಣುತ್ತಿತ್ತು. ಮೆಟ್ಟಿಲು ಇಳಿಯಲು ಭಯ. ಕನ್ನಡಕ ಒಡೆದ ದಿನ ಮತ್ತೆ ಕತ್ತಲೆ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರ ನವೆಂಬರಿನಲ್ಲೇ ಕಣ್ಣೊಳಗೆ ಕೃತಕ ಮಸೂರ ಇಟ್ಟಿದ್ದರು. ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಯಾವ ತೊಂದರೆಯನ್ನೂ ಕೊಡದೆ ಉಳಿದದ್ದನ್ನು ಗಮನಿಸಿ ಅವರಿಗೆ ಹೊಳೆದ ಉಪಾಯ ಅದು. ನಮ್ಮ ಬಡವರಿಗೆ ಅದು ದಕ್ಕಲು ನಾಲ್ಕು ದಶಕ ಬೇಕಾಯಿತು. 1992ರಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರ ಅರೋಲ್ಯಾಬ್ ಇಲ್ಲೇ ಮಸೂರ ತಯಾರಿಸತೊಡಗಿದ ಮೇಲೆ ಅದರ ಬೆಲೆ ಕೈಗೆಟಕುವಂತಾಯಿತು. ಈ ಐವತ್ತು ವರ್ಷಗಳಲ್ಲಿ ಬಡರೋಗಿಗೆ ಅತಿ ಹೆಚ್ಚು ಒಳ್ಳೆಯದು ಮಾಡಿದ ಒಂದು ವಸ್ತು ಯಾವುದೆಂದರೆ, ನಾವು ಆ ಪುಟ್ಟ ಮಸೂರದ ಕಡೆಗೇ ಬೆರಳು ತೋರಿಸುತ್ತೇವೆ.

ಈಗ ಪೊರೆ ತೆಗೆಯಲು ಮುಖ್ಯವಾಗಿ ಎರಡು ದಾರಿ. ಜನ ‘ಲೇಸರ್ ಆಪರೇಷನ್’ ಎನ್ನುವ ಫೇಕೋದಲ್ಲಿ ಎರಡು ಮೂರು ಮಿಲಿಮೀಟರ್ ಸೀಳಿನ ಮೂಲಕ ಶಬ್ದಾತೀತ ತರಂಗಗಳಿಂದ ಪೊರೆಯನ್ನು ಪುಡಿಮಾಡಿ ಹೀರುತ್ತಾರೆ. ಇನ್ನೊಂದರಲ್ಲಿ ತುಸು ದೊಡ್ಡ ಸೀಳು. ಆದರೂ ಹೊಲಿಗೆ ಬೇಡ, ದುಬಾರಿ ಯಂತ್ರವೂ ಬೇಡ. ತೀರಾ ಬಲಿತ ಪೊರೆಗೆ ಇದು ಒಳ್ಳೆಯ ಕ್ರಮ. ನುರಿತ ಕೈಯಲ್ಲಿ ಎರಡರ ಫಲವೂ ಚೆನ್ನಾಗಿರುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೆಯದು ಮಾಡಿದರೆಂದು ಕೊರಗಬೇಕಿಲ್ಲ. ದೂರಕ್ಕೂ ಹತ್ತಿರಕ್ಕೂ ಕಾಣುವ ದುಬಾರಿ ಮಸೂರಗಳು ಕನ್ನಡಕದ ಹಂಗು ಕಡಿಮೆ ಮಾಡಿದರೂ ರಾತ್ರಿ ದೀಪಗಳ ಸುತ್ತ ಪ್ರಭೆ ಎಬ್ಬಿಸಬಹುದು. ಸಾಲ ಮಾಡಿ ಹಾಕಿಸಿಕೊಳ್ಳುವಂಥದ್ದಲ್ಲ. ಕೆಲವರಿಗೆ ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ‘ಮತ್ತೆ ಪೊರೆ ಬಂತು’ ಅನ್ನಿಸುತ್ತದೆ. ಅದು ಮಸೂರದ ಹಿಂದಿನ ಚೀಲ ಮಬ್ಬಾಗುವುದು, ಕೆಲವೇ ನಿಮಿಷಗಳ ಲೇಸರ್‌ನಿಂದ ತಿಳಿಯಾಗುತ್ತದೆ. ಪೊರೆಯನ್ನು ಕರಗಿಸುವ ಹನಿ ಮಾತ್ರ ಇನ್ನೂ ಎಲ್ಲೂ ಇಲ್ಲ, ಜಾಹೀರಾತು ಏನೇ ಹೇಳಲಿ.

ಇಷ್ಟೆಲ್ಲ ಇದ್ದೂ, ಐವತ್ತು ದಾಟಿದವರ ಅಂಧತ್ವದಲ್ಲಿ ಶೇ 66.2ರಷ್ಟಕ್ಕೆ ಪೊರೆಯೇ ಕಾರಣ ಎಂದು ಅದೇ 2015–19ರ ಸಮೀಕ್ಷೆ ಹೇಳಿತು. ಗುಣವಾಗುವ ಕಾಯಿಲೆ, ದುಡ್ಡಿಲ್ಲದೆ ಆಗುವ ಚಿಕಿತ್ಸೆ, ಆದರೂ ಕತ್ತಲೆ. ‘ಪೊರೆ ಹಣ್ಣಾಗಲಿ’ ಎಂಬ ಹಳೆಯ ಮಾತು ಇನ್ನೂ ಜನರನ್ನು ತಡೆಯುತ್ತಿದೆ. ಹಿಂದಿನ ವಿಧಾನಕ್ಕೆ ಅದು ಬೇಕಿತ್ತು, ಈಗ ಬೇಡ. ಬಲಿತಷ್ಟೂ ಕೆಲಸ ಕಷ್ಟ. ಕರೆದುಕೊಂಡು ಹೋಗುವವರಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಡೆ. ಮಗನಿಗೆ ಒಂದು ದಿನದ ಕೂಲಿ ತಪ್ಪುತ್ತದೆಂದು ತಾಯಿ ಸುಮ್ಮನಿರುತ್ತಾಳೆ. ಮನೆಯ ಗಂಡಸಿನ ಕಣ್ಣು ಮಂಜಾದರೆ ಬೇಗ ಗಮನಕ್ಕೆ ಬರುತ್ತದೆ, ಒಲೆಯ ಮುಂದೆ ತಡಕಾಡುವವಳದ್ದು ಬರುವುದಿಲ್ಲ. ಕೆಲವೆಡೆ ಶಿಬಿರಗಳಲ್ಲಿ ಸೋಂಕು ತಗುಲಿ ಇದ್ದ ದೃಷ್ಟಿಯೂ ಹೋದ ದುರಂತಗಳು ಜನರ ಮನಸ್ಸಿನಲ್ಲಿ ಅಂಜಿಕೆ ಉಳಿಸಿವೆ. ಊರಲ್ಲಿ ತಪಾಸಣೆ, ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಎಂಬ ಈಗಿನ ಪದ್ಧತಿ ಸರಿಯಾದದ್ದು, ಅದರಲ್ಲಿ ಯಾವ ರಿಯಾಯಿತಿಯೂ ಕೂಡದು.

ಗೆದ್ದ ಎರಡು ಯುದ್ಧಗಳನ್ನು ಹೇಳಲೇಬೇಕು. ರೆಪ್ಪೆಯ ಒಳಮೈಗೆ ಗಾಯವಾಗಿ, ಕೂದಲು ಒಳಮುಖ ತಿರುಗಿ ಕಣ್ಣನ್ನೇ ಕೆರೆಯುವ ಟ್ರಕೋಮಾ ಭಾರತದಲ್ಲಿ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಸಾರಿತು. ಎ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಬರುತ್ತಿದ್ದ ಇರುಳುಗುರುಡು, ಕರಗಿಹೋಗುತ್ತಿದ್ದ ಕಣ್ಣುಗುಡ್ಡೆ ಈಗಿನ ಎಳೆಯ ವೈದ್ಯರಿಗೆ ಅಪರೂಪದ ನೋಟ. 1970ರಲ್ಲಿ ಶುರುವಾದ ಹನಿ ಯೋಜನೆ ಮತ್ತು ದಡಾರದ ಲಸಿಕೆ ಇದರಲ್ಲಿ ದುಡಿದಿವೆ.

ನಮ್ಮ ಆತಂಕ ಬೇರೆಯದು. ಪೊರೆಯಿಂದ ಹೋದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಕಣ್ಣೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್ ನಡುವೆ ಇರುತ್ತದೆ. ಅದು ಏರಿ, ಕೆಲವರಲ್ಲಿ ಏರದೆಯೂ, ಮಿದುಳಿಗೆ ಹೋಗುವ ನರ ಸವೆಯುತ್ತದೆ. ಮೊದಲು ಹೋಗುವುದು ಅಂಚಿನ ನೋಟ. ನಡುವಿನ ನೋಟ ಕೊನೆಯವರೆಗೂ ಚೊಕ್ಕಟವಾಗಿರುವುದರಿಂದ ರೋಗಿ ಪೇಪರ್ ಓದುತ್ತಾನೆ, ಬಸ್ಸಿನ ಬೋರ್ಡು ಓದುತ್ತಾನೆ, ಆದರೆ ಪಕ್ಕದಲ್ಲಿ ಬಂದ ಸೈಕಲ್ಲು ಕಾಣುವುದಿಲ್ಲ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದ ಬಹುಪಾಲು ಜನರಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ. ಹನಿ, ಲೇಸರ್, ಶಸ್ತ್ರಚಿಕಿತ್ಸೆ ಇವೆಲ್ಲ ಉಳಿದದ್ದನ್ನು ಕಾಯುತ್ತವೆ, ಅಷ್ಟೇ. ಹನಿಯನ್ನು ದಿನವೂ, ಜೀವನಪರ್ಯಂತ ಹಾಕಬೇಕು. ಹಾಕಿದ್ದರಿಂದ ದೃಷ್ಟಿ ಸುಧಾರಿಸಿದಂತೆ ಅನ್ನಿಸುವುದೇ ಇಲ್ಲವಾದ್ದರಿಂದ ಜನ ಬಿಟ್ಟುಬಿಡುತ್ತಾರೆ. ಅಪ್ಪ, ಅಮ್ಮ, ಅಣ್ಣ, ಅಕ್ಕನಿಗೆ ಇದ್ದರೆ ಉಳಿದವರು ನಲವತ್ತರೊಳಗೇ ಒಮ್ಮೆ ತೋರಿಸಿಕೊಳ್ಳಬೇಕು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕುವ ಸ್ಟೀರಾಯ್ಡ್ ಹನಿಯೂ ಒತ್ತಡ ಏರಿಸುತ್ತದೆ. ಒಮ್ಮೆಲೇ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡರೆ ಅದನ್ನು ಪಿತ್ತವೆಂದು ಮಲಗಬಾರದು, ಅಂದೇ ಆಸ್ಪತ್ರೆ ಸೇರಬೇಕು.

ಸಕ್ಕರೆ ಕಾಯಿಲೆಯದ್ದೂ ಇದೇ ಕಥೆ. ಅಕ್ಷಿಪಟಲದ ಸಣ್ಣ ರಕ್ತನಾಳಗಳು ಸೋರತೊಡಗಿದಾಗ ನೋವೂ ಇಲ್ಲ, ಮಂಜೂ ಇಲ್ಲ. ಆ ಹಂತದಲ್ಲಿ ಗುರುತಿಸಿ ಸಕ್ಕರೆ, ರಕ್ತದೊತ್ತಡ ಹತೋಟಿಗೆ ತಂದು, ಬೇಕಾದಾಗ ಲೇಸರ್ ಅಥವಾ ಕಣ್ಣೊಳಗಿನ ಇಂಜೆಕ್ಷನ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ಕ್ಯಾನ್ಸರಿಗೆಂದು ಬಂದ ಬೆವಾಸಿಜುಮಾಬ್ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಬಳಸುವುದರಿಂದ ಇಂಜೆಕ್ಷನ್ನಿನ ವೆಚ್ಚವೂ ಇಳಿದಿದೆ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಿಕೊಳ್ಳಬೇಕೆಂದು ಮಾತ್ರೆ ಬರೆಯುವಾಗಲೇ ಹೇಳುವವರು ಬೇಕು.

ಕಾಯದೆ ಹುಡುಕಿಕೊಂಡು ಹೋದರೆ ಏನಾಗುತ್ತದೆಂದು ಕರ್ನಾಟಕವೇ ತೋರಿಸಿದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಅಕ್ಷಿಪಟಲ ಪೂರ್ತಿ ಬೆಳೆದಿರುವುದಿಲ್ಲ. ಅಡ್ಡಾದಿಡ್ಡಿ ನಾಳಗಳು ಹಬ್ಬಿ ಅದನ್ನು ಕಿತ್ತುಬಿಡಬಹುದು. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ ಎರಡು ಕಿಲೋಗಿಂತ ಹಗುರವಾದ ಮಗುವಿನ ಕಣ್ಣನ್ನು ತಿಂಗಳು ತುಂಬುವುದರೊಳಗೆ ನೋಡಲೇಬೇಕು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಆರಂಭಿಸಿದ ‘ಕಿಡ್‌ರಾಪ್’ ತರಬೇತಾದ ತಂತ್ರಜ್ಞರ ಕೈಗೆ ಕ್ಯಾಮೆರಾ ಕೊಟ್ಟು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕಳಿಸಿತು. ಚಿತ್ರಗಳನ್ನು ಬೆಂಗಳೂರಿನಲ್ಲಿ ಕುಳಿತ ತಜ್ಞರು ನೋಡಿದರು. ದೇಶಕ್ಕೇ ಮಾದರಿಯಾಗುವ ಕೆಲಸ ಇದು. ಕಿರುಬೆರಳಷ್ಟು ಕೈಯ ಆ ಮಕ್ಕಳಿಗೆ ಸಮಯಕ್ಕೆ ಸಿಕ್ಕ ಲೇಸರ್ ಇಡೀ ಬದುಕಿನ ನೋಟವನ್ನು ಉಳಿಸುತ್ತದೆ.

ನೇತ್ರದಾನದ ವಿಷಯದಲ್ಲೂ ನಾಡು ಹೆಮ್ಮೆಪಡಬಹುದು. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ತೋರಿದ ದಾರಿಯಲ್ಲಿ ಸಾವಿರಾರು ಮಂದಿ ಹೆಸರು ನೋಂದಾಯಿಸಿದರು. ಪುನೀತ್ ಅವರ ಕಾರ್ನಿಯಾಗಳ ಮುಂಪದರ, ಹಿಂಪದರಗಳನ್ನು ಬೇರ್ಪಡಿಸಿದ್ದರಿಂದ ನಾಲ್ವರಿಗೆ ದೃಷ್ಟಿ ಬಂತು. ಆದರೆ ಹೆಸರು ಬರೆಸಿದರೆ ಸಾಲದು. ಸಾವಿನ ಮನೆಯಲ್ಲಿ ಯಾರಾದರೂ ಆರು ಗಂಟೆಯೊಳಗೆ ಫೋನ್ ಮಾಡಬೇಕು, ಫ್ಯಾನ್ ಆರಿಸಿ ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಬೇಕು. ಇತ್ತ ಕಬ್ಬಿನ ಗರಿಯೋ ಭತ್ತದ ಹೊಟ್ಟೋ ತಾಗಿ ಹುಣ್ಣಾದ ಕಣ್ಣಿಗೆ ಎದೆಹಾಲು, ಸೊಪ್ಪಿನ ರಸ ಹಿಂಡಿ ಮೂರ್ನಾಲ್ಕು ದಿನ ಕಳೆಯುವುದು ನಿಂತರೆ, ಕಾರ್ನಿಯಾಕ್ಕಾಗಿ ಕಾಯುವವರ ಸಾಲು ಅಷ್ಟು ಉದ್ದವಿರುವುದಿಲ್ಲ.

ಮಕ್ಕಳ ಸಮೀಪದೃಷ್ಟಿ ಹೆಚ್ಚುತ್ತಿದೆ. ದಿನಕ್ಕೆ ಎರಡು ಗಂಟೆ ಬಯಲಿನಲ್ಲಿ ಆಡಲು ಬಿಡುವುದು, ಬೇಕಾದಲ್ಲಿ ವೈದ್ಯರು ಕೊಡುವ ಕಡಿಮೆ ಸಾಂದ್ರತೆಯ ಅಟ್ರೊಪಿನ್ ಹನಿ, ಇವು ನಂಬರ್ ಏರುವುದನ್ನು ನಿಧಾನಿಸುತ್ತವೆ. ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ರಾಜ್ಯದ ಆಶಾಕಿರಣ ಯೋಜನೆಯನ್ನು ನಾವು ಮನಸಾರೆ ಸ್ವಾಗತಿಸಿದ್ದೇವೆ. ಅದೇ ಭೇಟಿಯಲ್ಲಿ ಸಕ್ಕರೆ ಕಾಯಿಲೆಯವರನ್ನೂ ಗ್ಲಾಕೋಮಾ ಇರುವವರ ಒಡಹುಟ್ಟಿದವರನ್ನೂ ಗುರುತು ಹಾಕಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಐವತ್ತು ವರ್ಷವೂ ಈ ಕಾರ್ಯಕ್ರಮದ ಲೆಕ್ಕ ಮುಖ್ಯವಾಗಿ ಒಂದೇ: ಎಷ್ಟು ಪೊರೆ ತೆಗೆದೆವು. ಆ ಕಾಲಂ ಇರಲಿ. ಜಿಲ್ಲಾ ವರದಿಯಲ್ಲಿ ಅದರ ಪಕ್ಕಕ್ಕೆ ಇನ್ನೆರಡು ಕಾಲಂ ಬೇಕೆಂಬುದು ನಮ್ಮ ಒತ್ತಾಯ. ಸಕ್ಕರೆ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಪಡೆಯುವವರಲ್ಲಿ ಎಷ್ಟು ಜನರ ಅಕ್ಷಿಪಟಲವನ್ನು ಈ ವರ್ಷ ನೋಡಲಾಯಿತು ಎಂಬುದು ಒಂದು. ಗ್ಲಾಕೋಮಾ ಹನಿ ಆರಂಭಿಸಿದವರಲ್ಲಿ ಎಷ್ಟು ಜನ ಹನ್ನೆರಡು ತಿಂಗಳ ನಂತರವೂ ತಾಲ್ಲೂಕು ಆಸ್ಪತ್ರೆಯ ಔಷಧ ಕಿಟಕಿಗೆ ಬಂದು ಆ ಸೀಸೆ ಪಡೆಯುತ್ತಿದ್ದಾರೆ ಎಂಬುದು ಇನ್ನೊಂದು.