ತಲೆಲೆಕ್ಕದಲ್ಲಿ ಮಾಯವಾದ ಮೆಕ್ಯಾನಿಕರು

ಸರಕಾರದ ವಿಮಾನ ಸಂಸ್ಥೆಯನ್ನು ಮಾರಬೇಕೆಂದು ವಾದಿಸಿದವರು ವರ್ಷಗಟ್ಟಲೆ ಒಂದೇ ಲೆಕ್ಕವನ್ನು ಜಪಿಸಿದರು. ಏರ್ ಇಂಡಿಯಾದಲ್ಲಿ ವಿಮಾನವೊಂದಕ್ಕೆ ಇನ್ನೂರಕ್ಕೂ ಮಿಕ್ಕಿ ನೌಕರರಿದ್ದಾರೆ, ಖಾಸಗಿಯವರಿಗೆ ಅದರ ಅರ್ಧ ಸಾಕು, ಆದ್ದರಿಂದ ಸಂಸ್ಥೆಯನ್ನು ತಿಂದುಹಾಕಿದವರು ನೌಕರರೇ ಎಂದು! 2021ರ ಅಕ್ಟೋಬರಿನಲ್ಲಿ ಮಾರಾಟ ಪ್ರಕಟವಾದಾಗ 117 ವಿಮಾನಗಳಿಗೆ ಇದ್ದ ನೌಕರರು 12,085 ಮಂದಿ. ವಿಮಾನಕ್ಕೆ ಸುಮಾರು ನೂರಮೂರು. ಇನ್ನೂರು ನೂರಾದದ್ದು ಹೇಗೆ? ನಿವೃತ್ತರಾದವರ ಜಾಗ ತುಂಬದಿದ್ದುದು ಒಂದು ಕಾರಣ. ಇನ್ನೊಂದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ವಿಮಾನಗಳನ್ನು ದುರಸ್ತು ಮಾಡುವ ಸಾವಿರಾರು ಜನರನ್ನು ಅದಕ್ಕೆ ಮೊದಲೇ ಏರ್ ಇಂಡಿಯಾ ಇಂಜಿನಿಯರಿಂಗ್ ಸರ್ವಿಸಸ್ ಎಂಬ ಬೇರೆ ಕಂಪನಿಯ ಹಾಜರಿ ಪುಸ್ತಕಕ್ಕೆ ಸಾಗಿಸಲಾಗಿತ್ತು. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾದವರ ಕೈಸೇರಿದಾಗ ಈ ಕಂಪನಿ ಸರಕಾರದಲ್ಲೇ ಉಳಿಯಿತು. ಅದೇ ಹ್ಯಾಂಗರು, ಅದೇ ಸ್ಪ್ಯಾನರು, ಅದೇ ಕೈಗಳು. ಲೆಕ್ಕದ ಕಾಗದದಲ್ಲಿ ಮಾತ್ರ ಅವರಿಲ್ಲ.

ಸರಕಾರಿ ಸಂಸ್ಥೆಯ ಕುರ್ಚಿಗಳಲ್ಲಿ ವಶೀಲಿಯವರು ಕೂತಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕುರ್ಚಿಯವನನ್ನೂ ಇಂಜಿನಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವವನನ್ನೂ ಒಂದೇ ರಾಶಿಗೆ ಸುರಿದು ವಿಮಾನಗಳ ಸಂಖ್ಯೆಯಿಂದ ಭಾಗಿಸುವುದು ಯಾವ ಗಣಿತ? ದೇಶದೊಳಗೆ ಒಂದೆರಡು ಗಂಟೆ ಹಾರುವ ಚಿಕ್ಕ ವಿಮಾನವೂ ಸಮುದ್ರ ದಾಟುವ ದೊಡ್ಡ ವಿಮಾನವೂ ಈ ಲೆಕ್ಕದಲ್ಲಿ ಒಂದೊಂದೇ. ಹೊಸ ವಿಮಾನವನ್ನು ಬಾಡಿಗೆಗೆ ತಂದು, ಬಿಚ್ಚಿ ನೋಡುವ ದೊಡ್ಡ ತಪಾಸಣೆಯ ಕಾಲ ಬರುವ ಮೊದಲೇ ಮಾಲೀಕನಿಗೆ ಹಿಂತಿರುಗಿಸುವ ಕಂಪನಿಗೆ ಜನ ಕಡಿಮೆ ಸಾಕು. ದುರಸ್ತಿಯನ್ನು ಗುತ್ತಿಗೆಗೆ ಕೊಟ್ಟವನಿಗೆ ಇನ್ನೂ ಕಡಿಮೆ. ಡಿಪೋದ ವರ್ಕ್‌ಶಾಪನ್ನು ಗುತ್ತಿಗೆದಾರನಿಗೆ ಬರೆದುಕೊಟ್ಟು, ಬಸ್ಸಿಗೆ ಇಷ್ಟೇ ಜನ ನೋಡಿ ಎಂದು ಬೀಗಿದರೆ ನಮ್ಮ ಊರಿನ ಡ್ರೈವರನೂ ನಕ್ಕಾನು.

ಜನ ಸಾಲದಿದ್ದರೆ ಏನಾಗುತ್ತದೆ? 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿಗೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು 17 ಸಾವಿರ ಅಡಿ ಮೇಲೆ ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದ ತನಕ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಸಹ ಪೈಲಟರು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಪುಣ್ಯಕ್ಕೆ ಒಬ್ಬರೂ ಸಾಯಲಿಲ್ಲ. ಆಗಷ್ಟೇ ಬದಲಿಸಿದ್ದ ಆ ಗಾಜಿನ 90 ಬೋಲ್ಟುಗಳಲ್ಲಿ 84 ಅಳತೆಗಿಂತ ಸಣ್ಣವು ಎಂದು ತನಿಖೆಯಲ್ಲಿ ಬಯಲಾಯಿತು. ಹಾಕಿದವನು ಪಡ್ಡೆ ಹುಡುಗನಲ್ಲ, ರಾತ್ರಿ ಪಾಳಿಯ ಮುಖ್ಯಸ್ಥ. ಪಾಳಿಯಲ್ಲಿ ಜನ ಕಡಿಮೆಯಿದ್ದುದರಿಂದ ನಸುಕಿನ ಹೊತ್ತಿನಲ್ಲಿ ತಾನೇ ಬೋಲ್ಟು ಆರಿಸಿ, ತಾನೇ ಬಿಗಿದು, ತಾನೇ ರುಜು ಹಾಕಿದ್ದ. ಎರಡನೆಯ ಕಣ್ಣು ಅದನ್ನು ನೋಡಲೇ ಇಲ್ಲ. ಲೆಕ್ಕಿಗರು 'ಹೆಚ್ಚುವರಿ' ಎಂದು ಮೊದಲು ಅಳಿಸುವುದು ಈ ಎರಡನೆಯ ಕಣ್ಣನ್ನೇ.

ಅಮೆರಿಕದಲ್ಲಿ ಅದೃಷ್ಟ ಕೈಕೊಟ್ಟಿತು. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸಿನ ವಿಮಾನ ಸಮುದ್ರಕ್ಕೆ ಬಿದ್ದು 88 ಜನ ಸತ್ತರು. ಬಾಲದ ತಿರುಪಿಗೆ ಗ್ರೀಸ್ ಸಾಲದೆ ಮರೆಗಳು ಸವೆದುಹೋಗಿದ್ದವು. ಗ್ರೀಸ್ ಹಚ್ಚುವ ಅವಧಿಯನ್ನು ಕಂಪನಿ ಉದ್ದ ಮಾಡುತ್ತ ಬಂದಿತ್ತು, ಸರಕಾರದ ಇಲಾಖೆ ಒಪ್ಪುತ್ತ ಬಂದಿತ್ತು.

ನಮ್ಮಲ್ಲಿ 2022ರ ಜುಲೈನಲ್ಲಿ ಖಾಸಗಿ ಕಂಪನಿಯೊಂದರ ತಂತ್ರಜ್ಞರು ಸಂಬಳ ಸಾಲದೆಂದು ಗುಂಪಾಗಿ ಕಾಯಿಲೆ ರಜೆ ಹಾಕಿದರು. ಪ್ರಯಾಣಿಕರಿಗಾದ ತೊಂದರೆಯ ಮಾತು ಬಂತು. ಆ ಸಂಬಳದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುವವನ ಸಹಿಯ ಮೇಲೆಯೇ ಅದೇ ಪ್ರಯಾಣಿಕರ ಪ್ರಾಣ ನಿಂತಿದೆಯೆಂಬ ಮಾತು ಬರಲಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಪ್ರತಿಯೊಂದು ವಿಮಾನ ಕಂಪನಿಯೂ, ಸರಕಾರದ್ದಿರಲಿ ಬಂಡವಾಳಗಾರರದ್ದಿರಲಿ, ತನ್ನ ವಿಮಾನಗಳ ಜಾತಿಗೆ ತಕ್ಕಂತೆ ಲೈಸೆನ್ಸಿನ ಇಂಜಿನಿಯರರು ಎಷ್ಟು, ಮೆಕ್ಯಾನಿಕರು ಎಷ್ಟು, ರಾತ್ರಿ ಪಾಳಿಯಲ್ಲಿ ಎಷ್ಟು, ಒಬ್ಬೊಬ್ಬರು ಎಷ್ಟು ಗಂಟೆ ದುಡಿಯುತ್ತಾರೆ ಎಂಬುದನ್ನು ಪ್ರತಿವರ್ಷ ಪ್ರಕಟಿಸಬೇಕು. ಗುತ್ತಿಗೆದಾರನ ಆಳುಗಳೂ ಆ ಪಟ್ಟಿಯಲ್ಲಿರಬೇಕು. ವಿಮಾನದಲ್ಲೇ ದಿಲ್ಲಿಗೆ ಹೋಗಿಬರುವ ನಮ್ಮ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಒಂದು ಪ್ರಶ್ನೆಯನ್ನಾದರೂ ಕೇಳಲಿ.