ನಗುವವರು ಯಾರು?

ಕನ್ನಡದ ತರುಣರೆ,

ಟ್ರಿನಿಡಾಡ್ ದ್ವೀಪದಲ್ಲಿ, ಅದರಾಚೆಯ ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಯಾವೊ ಎಂಬ ಜನರಿದ್ದರು. ಕ್ಯಾರಿಬ್ ಬಳಗದ ಅವರ ಭಾಷೆ ಸತ್ತುಹೋಗಿದೆ. ಉಳಿದಿರುವುದು 1640ರಲ್ಲಿ ದೆ ಲಾತ್ ಎಂಬ ಡಚ್ ಪಂಡಿತ ಅಚ್ಚು ಹಾಕಿಸಿದ ಒಂದು ಪದಪಟ್ಟಿ. ಜೋಗುಳ ಹೋಯಿತು, ಹರಕೆ ಹೋಯಿತು, ಬೈಗುಳವೂ ಹೋಯಿತು! ಅಚ್ಚಾದದ್ದಷ್ಟೇ ಉಳಿಯಿತು. ಅಚ್ಚಿನ ಮೊಳೆ ಹಿಡಿದು ಬದುಕಿದ ನನಗೆ ಇದು ಎದೆಗೆ ನಾಟುವ ಮಾತು.

ಅಷ್ಟು ದೂರ ಯಾಕೆ? ನಮ್ಮ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನ ಕೊರಗರಿಗೆ ಸ್ವಂತ ಭಾಷೆಯಿದೆ. ಕನ್ನಡದಂತೆ ಅದೂ ದ್ರಾವಿಡ ನುಡಿ. ಡಿ.ಎನ್. ಶಂಕರ ಭಟ್ಟರು ಅದನ್ನು ಅಭ್ಯಾಸ ಮಾಡಿ ಬರೆದ ಪುಸ್ತಕ 1971ರಲ್ಲಿ ಹೊರಬಂತು. ಎಲ್ಲಿಂದ? ಪುಣೆಯ ಡೆಕ್ಕನ್ ಕಾಲೇಜಿನಿಂದ, ಇಂಗ್ಲಿಷಿನಲ್ಲಿ! ಗಡಿಯಲ್ಲಿ ನಿಂತು ಗುಡುಗುವ ನಾವು ತಲೆ ತಗ್ಗಿಸಬೇಕು.

ಭಾಷೆ ತಾನಾಗಿ ಸಾಯುವುದಿಲ್ಲ, ಆಡುವ ಬಾಯನ್ನು ಮುಚ್ಚಿಸುತ್ತಾರೆ. ದಾರಿಯಲ್ಲಿ ಉಗುಳಬಾರದೆಂದು ಕೊರಗರ ಒಂದು ಪಂಗಡದ ಕೊರಳಿಗೆ ಅಂಡೆ ಕಟ್ಟಿಸಿದ್ದರೆಂದು 1909ರ ಥರ್ಸ್ಟನ್ ಗ್ರಂಥ ಹೇಳುತ್ತದೆ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಕಾನೂನೇ ಬೇಕಾಯಿತು. ಅಂಥ ಬಾಯಿಯ ಮಾತನ್ನು ಯಾರು ಬರೆದುಕೊಂಡಾರು?

ಸರ್ಕಾರದ ಲೆಕ್ಕವೂ ಹಾಗೆಯೇ. 1971ರಿಂದ 10,000 ಮಂದಿಗಿಂತ ಕಡಿಮೆ ಜನ ಆಡುವ ಭಾಷೆಯ ಹೆಸರನ್ನೇ ಜನಗಣತಿ ಬೇರೆಯಾಗಿ ಅಚ್ಚು ಮಾಡುವುದಿಲ್ಲ. 2011ರ 121 ಭಾಷೆಗಳ ಪಟ್ಟಿಯಲ್ಲಿ ಕೊರಗ ನುಡಿಯಿಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆಗಳಿಗೆ ಅಕಾಡೆಮಿಗಳಿವೆ. ಕೊರಗರ ಮಾತಿಗೆ?

ಹಾರೂಗೇರಿಯ ನನ್ನ ಪ್ರೆಸ್ಸಿಗೆ ಮದುವೆ ಕಾರ್ಡು ಮಾಡಿಸಲು ಹರಣಶಿಕಾರಿ ಹುಡುಗನೊಬ್ಬ ಬಂದಿದ್ದ. "ತಮ್ಮಾ, ನಿಮ್ಮ ಮನಿ ಮಾತಿನ್ಯಾಗ ಎರಡು ಸಾಲು ಹಾಕೂಣೇನು?" ಎಂದೆ. "ಬ್ಯಾಡ್ರೀ ಅಣ್ಣಾರ, ಮಂದಿ ನಗತಾರ" ಎಂದ.

ನಗುವ ಆ ಮಂದಿ ಯಾರು? ಮರಾಠಿಯವರಲ್ಲ, ಹಿಂದಿಯವರಲ್ಲ. ನಾವೇ!

ಕನ್ನಡಕ್ಕೆ ಕೇಳುವ ನ್ಯಾಯವನ್ನು ಕನ್ನಡದ ಮಡಿಲಲ್ಲಿರುವ ಸಣ್ಣ ನುಡಿಗಳಿಗೆ ಕೊಡದಿದ್ದರೆ ನಮ್ಮ ಹೋರಾಟ ಬರೀ ಬೋರ್ಡಿನ ಜಗಳವಾಗುತ್ತದೆ. ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಕೊರಗರ ಕೇರಿಗೆ, ಹರಣಶಿಕಾರಿಗಳ ಓಣಿಗೆ ಹೋಗಿ. ಹಿರಿಯರ ಪಕ್ಕ ಕೂತು, ಒಪ್ಪಿಗೆ ಪಡೆದು, ಅವರ ಹಾಡು, ಕಥೆ, ಗಾದೆ ಹಿಡಿದಿಡಿ. ಕನ್ನಡ ಅಕ್ಷರದಲ್ಲಿ ಬರೆದು ತನ್ನಿ.

ಮೊದಲ ಪುಸ್ತಕದ ಅಚ್ಚಿನ ಕೂಲಿ ನನಗೆ ಬೇಡ.