ಸೋರುವುದು ಒಂದು ಕಡೆ, ಬಳಿಯುವುದು ಇನ್ನೊಂದು ಕಡೆ

ಈ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಇವತ್ತು ಬರೆಯುತ್ತಿರುವುದು ಸಿಟ್ಟಿನಿಂದ, ಮೊದಲೇ ಹೇಳಿಬಿಡ್ತೀನಿ.

ಗಿಣಿಗೇರಾದ ನಮ್ಮ ಆರ್‌ಸಿಸಿ ಮನೆ ಎರಡು ಮಳೆಗಾಲದಿಂದ ಸೋರುತ್ತಿತ್ತು. ನಡುಮನೆಯ ಫ್ಯಾನಿನ ಕೊಂಡಿಯಿಂದ ತೊಟ ತೊಟ. ಅವ್ವ ಕೆಳಗೊಂದು ಕೊಡ ಇಟ್ಟು ಪಕ್ಕದಲ್ಲೇ ಮಲಗುತ್ತಿದ್ದಳು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಕೋಟಿಂಗ್ ಹೊಡಸ್ರಿ." ಹೊಡೆಸಿದೆವು. ಮೊದಲ ವರ್ಷ ಫ್ಯಾನಿನ ನೇರಕ್ಕೆ, ಮರುವರ್ಷ ಇಡೀ ಮಾಳಿಗೆಗೆ. ಒಟ್ಟು 42,000 ರೂಪಾಯಿ, ಬಾಯಿಮಾತಿನ ಹತ್ತು ವರ್ಷ ಗ್ಯಾರಂಟಿ. ಮತ್ತೆ ಸೋರಿತು. ಆಗ ಮೇಸ್ತ್ರಿ ಹೇಳಿದ್ದು, "ತಮ್ಮಾ, ಮ್ಯಾಲೆ ತಗಡು ಹಾಕ್ಸಿಬಿಡು, ಚಿಂತಿನs ಇಲ್ಲ."

ನೀರು ಎಲ್ಲಿ ಒಳಗೆ ಹೋಗ್ತಿದೆ ಅಂತ ಒಬ್ಬರಾದರೂ ಕೇಳಬೇಡವೇ? ಎರರ್ ಕಾಣಿಸಿದ ಪುಟವನ್ನೇ ತಿದ್ದಿ ಮನೆಗೆ ಹೋದರೆ ನಮ್ಮ ಮ್ಯಾನೇಜರ್ ಸುಮ್ಮನಿರ್ತಾನಾ? ಕಾಂಕ್ರೀಟಿನಲ್ಲೂ ಅಷ್ಟೇ. ನೀರು ಬಿರುಕು, ಕಂಬಿ, ಪೈಪು ಹಿಡಿದು ಎಷ್ಟೋ ಅಡಿ ಅಡ್ಡ ಹರಿದು, ದಾರಿ ಸಿಕ್ಕಲ್ಲಿ ಇಳಿಯುತ್ತದೆ.

ದೀಪಾವಳಿ ರಜೆಗೆ ಹೋದಾಗ ಮಳೆ ನಿಂತಿತ್ತು. ಮೊದಲು ಮೇನ್ ಆಫ್ ಮಾಡಿದೆ (ಫ್ಯಾನ್ ಪಾಯಿಂಟಿನಲ್ಲಿ ನೀರು ಬರುವಾಗ ಇದನ್ನು ಮರೆಯಬೇಡಿ). ಕೆಸರಿನ ಒಡ್ಡು ಕಟ್ಟಿ ಮಾಳಿಗೆಯನ್ನು ನಾಲ್ಕು ಮಡಿ ಮಾಡಿದೆ. ಒಂದು ಸಲಕ್ಕೆ ಒಂದೇ ಮಡಿಗೆ ನೀರು, ಬಟ್ಟೆಗೆ ಹಾಕುವ ನೀಲಿ ಕಲಸಿ. ಫ್ಯಾನಿನ ಮೇಲಿನ ಮಡಿ ಒಂದು ರಾತ್ರಿ ನಿಂತರೂ ಕೆಳಗೆ ಹನಿ ಇಲ್ಲ! ಎರಡನೆಯದೂ ಅಷ್ಟೇ. ಓಣಿಯವರು ಮೇಲೆ ನೋಡಿ, "ಬೆಂಗಳೂರಾಗಿದ್ದು ಮಾಳಿಗಿ ಮ್ಯಾಲೆ ಭತ್ತ ಹಚ್ಚಾಕ್ ಬಂದಾನ" ಅಂತ ನಕ್ಕರು :-)

ಮೂರನೇ ಮಡಿ ಮೆಟ್ಟಿಲ ಕಡೆಯದು, ಟಿವಿ ಡಿಶ್ ನಿಂತ ಜಾಗ. ಅರ್ಧ ಗಂಟೆಯಲ್ಲಿ ಫ್ಯಾನಿನ ಕೊಂಡಿಯಿಂದ ನೀಲಿ ಹನಿ. ನಡುವೆ ಹನ್ನೊಂದು ಅಡಿ ದೂರ. ಡಿಶ್ಶಿನ ಬೋಲ್ಟಿಗೆ ಡ್ರಿಲ್ ಹೊಡೆದಾಗ ಸ್ಲ್ಯಾಬಿನೊಳಗಿನ ವೈರಿಂಗ್ ಪೈಪಿಗೇ ತೂತು ಬಿದ್ದಿತ್ತು. ಎರಡು ಸಲ ಕೋಟಿಂಗ್ ಹೊಡೆದವರು ಆ ಕಾಲಿನ ಸುತ್ತ ನೀಟಾಗಿ ಬ್ರಶ್ ಎಳೆದು ಹೋಗಿದ್ದರು. ಬೋಲ್ಟು ಕಿತ್ತು, ಪೈಪು ಮುಚ್ಚಿ, ತೂತಿಗೆ ಗ್ರೌಟ್ ತುಂಬಲು ಆದ ಖರ್ಚು 350 ರೂಪಾಯಿ. ಡಿಶ್ ಈಗ ಗೋಡೆಗಿದೆ.

ಆದರೆ ಅಲ್ಲಿಯ ತನಕ ನೀರು ನಿಂತದ್ದು ಯಾಕೆ? ನೀರು ಹೋಗುವ ಪೈಪಿನ ಬಾಯಿಗೆ ಕರಿ ದೂಳು ಹೆಪ್ಪುಗಟ್ಟಿತ್ತು. ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿರುವ ನಮ್ಮೂರಲ್ಲಿ ಮಾಳಿಗೆ ಗುಡಿಸಿದ ವಾರಕ್ಕೇ ಮತ್ತೆ ಕರಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಸೀಮೆ, ಅದಕ್ಕೇ ಮೇಲೆ ಹತ್ತಿ ನೋಡುವವರಿಲ್ಲ.

ಇದನ್ನು ಓದಿ "ಹಳೇ ಮಣ್ಣಿನ ಮಾಳಿಗೆಯೇ ವಾಸಿ, ಸೋರ್ತಾನೇ ಇರಲಿಲ್ಲ" ಅನ್ನುವ ಗೆಳೆಯರಿಗೂ ನನ್ನ ತಕರಾರಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಎಷ್ಟು ಮಣ್ಣಿನ ಮನೆ ಕುಸಿದವು ಮರೆತಿರಾ? ನಾನಾಗ ಹುಡುಗ. ನಮ್ಮ ಅಜ್ಜನ ಮಾಳಿಗೆಯೂ ಸೋರುತ್ತಿತ್ತು. ಅಜ್ಜ ಗೋಣಿಚೀಲ ಹೊದ್ದು ಮಳೆಯಲ್ಲೇ ಏಣಿ ಹತ್ತುತ್ತಿದ್ದ, ನೀರು ಇಂಗುವ ಗುಳಿ ಹುಡುಕಿ ಸವಳು ಮಣ್ಣು ಹಾಕಿ ಕಾಲಲ್ಲಿ ತುಳಿಯುತ್ತಿದ್ದ. ಕೆಳಗಿಂದ ಅಜ್ಜಿ, "ಇನ್ನಾ ಬರಾಕ್ ಹತ್ತೈತಿ, ಸ್ವಲ್ಪ ಆ ಕಡಿಗೆ" ಅಂತ ಕೂಗೋಳು. ಮಣ್ಣನ್ನು ಹೊಗಳುವವರು ಆ ಏಣಿಯನ್ನು ಬಿಟ್ಟೇಬಿಡ್ತಾರೆ.

ತಗಡಿನ ಮೇಸ್ತ್ರಿ ನಿನ್ನೆಯೂ ಫೋನ್ ಮಾಡಿದ್ದ, 90,000ದ ಅಂದಾಜು ಹೇಳಿದ. ಬೇಡ ಅಂದೆ. ಪೈಪಿನ ಬಾಯಿಗೆ ಜಾಳಿಗೆ ಇಟ್ಟರೆ ಆ ದೂಳಿಗೆ ಜಾಳಿಗೆಯೇ ಕಟ್ಟಿಕೊಳ್ಳುತ್ತಿದೆ. ಸದ್ಯಕ್ಕೆ ಭಾನುವಾರಕ್ಕೊಮ್ಮೆ ಓಣಿಯ ಹುಡುಗನೊಬ್ಬ ಹತ್ತಿ ಬಳಿದು ಬರ್ತಾನೆ. ತೋರಣಗಲ್ಲು ಕಡೆಯ ಗೆಳೆಯರೇ, ನಿಮ್ಮಲ್ಲೂ ಇದೇ ದೂಳು ತಾನೇ, ನೀವೇನು ಮಾಡ್ತೀರಿ?